ರೊಟ್ಟಿಯ ಜಾತಿಯ ಬೂಟು

ಜೂನ್ ಬಂತೆಂದರೆ ಬಳ್ಳಾರಿ ಪೇಟೆಯಲ್ಲಿ ಪುಸ್ತಕ, ಸಮವಸ್ತ್ರದ ಜೊತೆಗೆ ಬೂಟಿನ ವ್ಯಾಪಾರವೂ ಜೋರು. ಕಳೆದ ವರ್ಷದ ಜೋಡಿಯ ಅಟ್ಟೆ ಬಾಯಿ ಬಿಟ್ಟಿರುತ್ತದೆ, ಇಲ್ಲವೇ ಮಗುವಿನ ಕಾಲು ಬೆಳೆದಿರುತ್ತದೆ. ಹಳೆಯದು ಸಾಮಾನ್ಯವಾಗಿ ತಿಪ್ಪೆ ಸೇರುತ್ತದೆ.

ಅದನ್ನೇ ಕರಗಿಸಿ ಹೊಸ ಬೂಟು ಏಕೆ ಮಾಡಬಾರದು? ಮಕ್ಕಳು ಕೇಳುವ ಈ ಪ್ರಶ್ನೆ ಒಳ್ಳೆಯದೇ. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್, ಗಂಧಕ ಬೆರೆಸಿ ಕಾಯಿಸಿದರೆ ರಬ್ಬರು ಗಟ್ಟಿಯಾಗುವುದನ್ನು ಕಂಡುಕೊಂಡ. ರಬ್ಬರಿನ ಉದ್ದನೆಯ ಅಣುಸರಪಳಿಗಳ ನಡುವೆ ಗಂಧಕವು ಕೊಂಡಿ ಹಾಕುತ್ತದೆ. ಇಂದಿನ ಕ್ರೀಡಾ ಬೂಟಿನ ಹಗುರ ಅಟ್ಟೆಗೆ ಬಳಸುವ ಇವಿಎ ಎಂಬ ಪ್ಲಾಸ್ಟಿಕ್ ನೊರೆಯಲ್ಲೂ ಸಾಮಾನ್ಯವಾಗಿ ಇಂಥ ಕೊಂಡಿಗಳಿರುತ್ತವೆ. ಬೆಲ್ಲವನ್ನು ಕರಗಿಸಿ ಮತ್ತೆ ಅಚ್ಚಿಗೆ ಹಾಕಬಹುದು. ಬೆಂದ ರೊಟ್ಟಿ ಮತ್ತೆ ಹಿಟ್ಟಾಗದು. ಇವು ರೊಟ್ಟಿಯ ಜಾತಿ.

ಸಾಲದ್ದಕ್ಕೆ ಎಲ್ಲವನ್ನೂ ಅಂಟಿನಿಂದ ಕೂಡಿಸಿರುತ್ತಾರೆ. ಅಮೆರಿಕದ ಎಂಐಟಿ ಸಂಶೋಧಕರು 2013ರಲ್ಲಿ ಓಟದ ಬೂಟೊಂದರ ಲೆಕ್ಕ ತೆಗೆದರು: 65 ಬಿಡಿಭಾಗ, 360ಕ್ಕೂ ಹೆಚ್ಚು ಹಂತದ ಕೆಲಸ, ಒಂದು ಜೊತೆಗೆ ಸುಮಾರು 14 ಕಿಲೋ ಇಂಗಾಲದ ಡೈಆಕ್ಸೈಡ್. ಇದರ ಮೂರನೇ ಎರಡು ಪಾಲು ಹೊರಬೀಳುವುದು ತಯಾರಿಕೆಯ ಹಂತದಲ್ಲೇ. ಅಂದಮೇಲೆ ಅಣ್ಣನ ಬೂಟು ತಮ್ಮನ ಕಾಲಿಗೂ ಒಂದು ವರ್ಷ ಬಂದರೆ ವರ್ಷದ ಹೊರೆ ಅರ್ಧಕ್ಕಿಳಿಯಿತು.

2019ರಲ್ಲಿ ಅಡಿಡಾಸ್ ಕಂಪನಿ ಅಂಟಿಲ್ಲದೆ, ಒಂದೇ ಬಗೆಯ ಪ್ಲಾಸ್ಟಿಕ್ಕಿನ ಬೂಟನ್ನು ತೋರಿಸಿತು. ಅದು ಬೆಲ್ಲದ ಜಾತಿ, ಹಳತಾದರೆ ಕರಗಿಸಬಹುದು. ಬಿಡಿಸಲು ಬರುವ ಪಾದರಕ್ಷೆ ನಮಗೇನೂ ಹೊಸದಲ್ಲ. ಕುರುಗೋಡು ಕಡೆಯ ಹೊಲಗಳಲ್ಲಿ ದುಡಿದ ಹಿರಿಯರನ್ನು ಟೈರ್ ಚಪ್ಪಲಿಯ ಬಗ್ಗೆ ಕೇಳಿ ನೋಡಿ. ಮೊಳೆ ಕಿತ್ತರೆ ಪಟ್ಟಿ ಬೇರೆ, ಅಟ್ಟೆ ಬೇರೆ! ಅದನ್ನು ಕಂಡು ನಗುವವರಿಗೆ ವಿನ್ಯಾಸ ತಿಳಿಯದು.

ಹೊಸ ಅಟ್ಟೆಗೆ ಬೇಕಾದ ಒಂದು ವಸ್ತುವೂ ಈ ಸೀಮೆಯಲ್ಲೇ ಇದೆ. ರಬ್ಬರು ಬೇಗ ಸವೆಯದಿರಲೆಂದು ಸಿಲಿಕಾ ಬೆರೆಸುತ್ತಾರೆ. ಟೈರ್ ಕಂಪನಿಗಳು ಈಗ ಅದನ್ನು ಭತ್ತದ ಹೊಟ್ಟಿನ ಬೂದಿಯಿಂದಲೂ ಪಡೆಯುತ್ತಿವೆ. ಸಿರುಗುಪ್ಪದ ಅಕ್ಕಿ ಗಿರಣಿಗಳಲ್ಲಿ ಹೊಟ್ಟಿಗೆ ಬರವೇ? ಒಂದು ಟನ್ ಭತ್ತಕ್ಕೆ ಸುಮಾರು 200 ಕಿಲೋ ಹೊಟ್ಟು, ಸುಟ್ಟರೆ ಸುಮಾರು 40 ಕಿಲೋ ಬೂದಿ. ಅದರಲ್ಲಿ ಬಹುಪಾಲು ಸಿಲಿಕಾ. ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಉಳಿಯುವ ತುಂಡುಬಟ್ಟೆ ಬೂಟಿನ ಮೇಲ್ಭಾಗಕ್ಕಾದೀತು. ಕೈ ಹಾಕುವ ಉದ್ಯಮಿ ಬೇಕು, ಅಷ್ಟೆ.

ಸದ್ಯಕ್ಕೆ ಪೋಷಕರು ಕೊಳ್ಳುವಾಗ ಅಟ್ಟೆಯ ಅಂಚು ನೋಡಬೇಕು: ಬರೀ ಅಂಟೋ, ಹೊಲಿಗೆಯೂ ಇದೆಯೋ? ಶಾಲೆಗೆ ಬೂಟು ಆರಿಸುವ ಎಸ್‌ಡಿಎಂಸಿ ಸದಸ್ಯರೂ ಇದನ್ನೇ ಕೇಳಲಿ. ನೆನೆದ ಬೂಟನ್ನು ಬಳ್ಳಾರಿಯ ಬಿಸಿಲಿಗೆ ಇಡಬೇಡಿ, ಅಂಟು ಮೆತ್ತಗಾಗುತ್ತದೆ. ಒಳಗೆ ಹಳೆಯ ಪತ್ರಿಕೆ ತುರುಕಿ ನೆರಳಲ್ಲಿ ಒಣಗಿಸಿ. ಅಟ್ಟೆ ಬೆರಳಷ್ಟು ಬಿಟ್ಟಾಗಲೇ ಬಸ್ ನಿಲ್ದಾಣದ ಬಳಿ ಹೊಲಿಯುವವರ ಕೈಗೆ ಕೊಡಿ. ಅಂಗೈಯಷ್ಟು ಬಿಟ್ಟಮೇಲೆ ಅವರೂ ಕೈಚೆಲ್ಲುತ್ತಾರೆ.