ಡಯಾನಾಗೆ ಟ್ರೆಂಚ್‌ನಲ್ಲಿ ಏನು ಕೆಲಸ?

ಹೋದ ತಿಂಗಳು ಹಾಸ್ಟೆಲ್ ರೂಮಲ್ಲಿ ಐದು ಜನ ಒಂದೇ ಲ್ಯಾಪ್‌ಟಾಪ್ ಮುಂದೆ ಕೂತು 2017ರ ‘ವಂಡರ್ ವುಮನ್’ ನೋಡಿದ್ವಿ. ಡಯಾನಾ ಏಣಿ ಹತ್ತಿ ಟ್ರೆಂಚ್‌ನಿಂದ ಮೇಲೆ ಬರ್ತಾಳಲ್ಲ, ಆ ಸೀನ್‌ಗೆ ನನಗೆ ಮೈ ಜುಮ್ ಅಂತು. ಪಕ್ಕದಲ್ಲಿದ್ದವನು ಚಿಪ್ಸ್ ತಿನ್ನುತ್ತಾ, “ಮಗಾ, 1918ರಲ್ಲಿ ಹುಡುಗೀರು ಫ್ರಂಟ್‌ಗೆ ಹೋಗ್ತಿದ್ರಾ? ಸುಮ್ನೆ ತುರುಕಿದ್ದಾರೆ” ಅಂದ.

ಆಗ ನನಗೆ ಉತ್ತರ ಹೊಳೀಲಿಲ್ಲ. ಆಮೇಲೆ ಯೋಚನೆ ಮಾಡಿದಾಗ ಅವನು ಕೇಳಿದ್ದು ಒಂದಲ್ಲ, ಎರಡು ಪ್ರಶ್ನೆ ಅನ್ನಿಸಿತು. ಆ ಕಾಲದ ಯುದ್ಧದಲ್ಲಿ ಹೆಂಗಸರು ಇದ್ರಾ ಅನ್ನೋದು ಒಂದು. ನಿಜವಾದ ಜನ ಸತ್ತ ಯುದ್ಧದೊಳಗೆ ಗುಂಡು ತಡೆಯೋ ಸೂಪರ್‌ಹೀರೋಯಿನ್‌ನ ಇಳಿಸೋದು ಸರೀನಾ ಅನ್ನೋದು ಇನ್ನೊಂದು. ಮೊದಲನೆಯದು ಸುಲಭ. ಎರಡನೆಯದೇ ಕಷ್ಟ.

ವಂಡರ್ ವುಮನ್‌ನ ಯಾರೋ ಈಚೆಗೆ ಯುದ್ಧಕ್ಕೆ ಕಳಿಸಿದ್ದಲ್ಲ. ಅವಳು ಹುಟ್ಟಿದ್ದೇ ಯುದ್ಧಕ್ಕೋಸ್ಕರ. ವಿಲಿಯಂ ಮೌಲ್ಟನ್ ಮಾರ್ಸ್ಟನ್ ಅನ್ನೋ ಮನಶ್ಶಾಸ್ತ್ರಜ್ಞ ಕಥೆ ಬರೆದು, ಎಚ್. ಜಿ. ಪೀಟರ್ ಚಿತ್ರ ಬರೆದು, ‘ಆಲ್ ಸ್ಟಾರ್ ಕಾಮಿಕ್ಸ್’ನ 8ನೇ ಸಂಚಿಕೆಯಲ್ಲಿ ಅವಳನ್ನು ತಂದರು. (ರಕ್ತದೊತ್ತಡ ಅಳೆದು ಸುಳ್ಳು ಹಿಡಿಯೋ ಪರೀಕ್ಷೆ ಮಾಡಿದ್ದು ಇದೇ ಮಾರ್ಸ್ಟನ್. ಲೈ ಡಿಟೆಕ್ಟರ್‌ನ ತಾತ ಅನ್ನಬಹುದು. ಸತ್ಯ ಹೇಳಿಸೋ ಹಗ್ಗ ನೆನಪಾಯ್ತಲ್ವಾ?) ಸಂಚಿಕೆ ಅಂಗಡಿಗೆ ಬಂದಿದ್ದು 1941ರ ಅಕ್ಟೋಬರ್‌ನಲ್ಲಿ. ಪರ್ಲ್ ಹಾರ್ಬರ್ ದಾಳಿ ಆಗಿದ್ದು ಡಿಸೆಂಬರ್ 7ಕ್ಕೆ. ಅಂದರೆ ಅಮೆರಿಕಕ್ಕಿಂತ ಮೊದಲೇ ಇವಳು ಯುದ್ಧಕ್ಕೆ ಹೊರಟಿದ್ದಳು. ಅಮೆರಿಕದ ಪೈಲಟ್ ಸ್ಟೀವ್ ಟ್ರೆವರ್ ನಾಜಿ ಏಜೆಂಟರನ್ನು ಬೆನ್ನಟ್ಟಿ ಬಂದು ಅಮೆಜಾನರ ದ್ವೀಪದಲ್ಲಿ ಬೀಳ್ತಾನೆ. ಅವನನ್ನು ವಾಪಸ್ ಕರ್ಕೊಂಡು ಹೋಗಿ ಯುದ್ಧದಲ್ಲಿ ನೆರವಾಗೋಕೆ ಡಯಾನಾ ಆಯ್ಕೆಯಾಗ್ತಾಳೆ. ಮೈಮೇಲೆ ನಕ್ಷತ್ರ, ಕೆಂಪು, ನೀಲಿ. ಅದು ಬಟ್ಟೆಯೋ ಬಾವುಟವೋ ಹೇಳೋದು ಕಷ್ಟ.

ಅವಳೊಬ್ಬಳೇ ಅಲ್ಲ. ಅದೇ ವರ್ಷ ಏಪ್ರಿಲ್‌ನಲ್ಲೇ ಪತ್ರಿಕೆಗಳಲ್ಲಿ ‘ಮಿಸ್ ಫ್ಯೂರಿ’ ಶುರುವಾಗಿತ್ತು. ಬರೆಯುತ್ತಿದ್ದವರು ಜೂನ್ ಟಾರ್ಪೆ ಮಿಲ್ಸ್. ಲೇಖಕಿ ಹೆಣ್ಣು ಅಂತ ಓದುಗರಿಗೆ ಗೊತ್ತಾಗಬಾರದು ಅಂತ ‘ಜೂನ್’ ತೆಗೆದು ಬರೀ ‘ಟಾರ್ಪೆ ಮಿಲ್ಸ್’ ಅಂತ ಸಹಿ ಹಾಕ್ತಿದ್ರು. 1943ರಲ್ಲಿ ‘ಮಿಸ್ ಅಮೆರಿಕ’ ಬಂದಳು. ಹಾಗಾಗಿ ಈ ಹೀರೋಯಿನ್‌ಗಳಿಗೆ ಯುದ್ಧದ ಕಾಲ ಅನ್ನೋದು ಬಾಡಿಗೆ ಮನೆ ಅಲ್ಲ, ತವರು.

ಆದರೆ ತವರಲ್ಲಿ ಅವರಿಗೆ ಕೊಟ್ಟ ಕೆಲಸ ಏನು ಅಂತ ನೋಡಿ. ಡಯಾನಾ ಅಮೆರಿಕಕ್ಕೆ ಬಂದು ಮೊದಲು ಒಬ್ಬ ನರ್ಸ್‌ನ ಹೆಸರು, ಗುರುತು ದುಡ್ಡು ಕೊಟ್ಟು ತಗೋತಾಳೆ. ಆಮೇಲೆ ಸೇನೆಯ ಗುಪ್ತಚರ ವಿಭಾಗದಲ್ಲಿ ಸೆಕ್ರೆಟರಿ ಆಗ್ತಾಳೆ. ಇರಲಿ, ಅದು ವೇಷ ಅನ್ನೋಣ. ಸೂಪರ್‌ಹೀರೋಗಳ ಸಂಘ ‘ಜಸ್ಟಿಸ್ ಸೊಸೈಟಿ’ಗೆ ಸೇರಿದಾಗಲೂ ಅವಳಿಗೆ ಸಿಕ್ಕಿದ್ದು ಸೆಕ್ರೆಟರಿ ಹುದ್ದೆಯೇ! ದೇವತೆಗಳ ಶಕ್ತಿ ಇರೋಳು ಮೀಟಿಂಗ್ ಮಿನಿಟ್ಸ್ ಬರೀಬೇಕು. 1947ರಲ್ಲಿ ಮಾರ್ಸ್ಟನ್ ತೀರಿಕೊಂಡರು. 1950ರ ಹೊತ್ತಿಗೆ ಅವಳು ಒಂದು ಪತ್ರಿಕೆಯಲ್ಲಿ ಪ್ರೇಮ ಸಲಹೆಯ ಅಂಕಣ ನೋಡ್ಕೊಳ್ಳೋ ಹಾಗಾಗಿತ್ತು.

ಇಲ್ಲಿಂದ ನನ್ನ ಲೆಕ್ಕ ಶುರು. ಒಂದು ಕಥೆಯಲ್ಲಿ ಯುದ್ಧ ನಿಜವಾಗಿ ಇದೆಯಾ, ಅಥವಾ ಬರೀ ವಾಲ್‌ಪೇಪರಾ ಅಂತ ತಿಳ್ಕೊಳ್ಳೋಕೆ ಒಂದು ಟೆಸ್ಟ್ ಮಾಡಬಹುದು. ವೇರಿಯಬಲ್ ಒಂದನ್ನೇ ಬದಲಿಸಿ: ಕಥೆಯ ಇಸವಿ. ಬೇರೆ ಏನೂ ಬದಲಾಗದಿದ್ದರೆ ಯುದ್ಧ ವಾಲ್‌ಪೇಪರ್ ಅಂತ ಅರ್ಥ.

ಈ ಪ್ರಯೋಗ ಟೀವಿಯಲ್ಲಿ ನಿಜವಾಗ್ಲೂ ನಡೆದಿದೆ. ಲಿಂಡಾ ಕಾರ್ಟರ್ ಅಭಿನಯದ ಸೀರಿಯಲ್‌ನ ಮೊದಲ ಸೀಸನ್ ನಡೆಯೋದು ಎರಡನೇ ಮಹಾಯುದ್ಧದಲ್ಲಿ. ಹಳೇ ಕಾಲದ ಕಾರು, ಬಟ್ಟೆ, ಸೆಟ್ಟು ಅಂದ್ರೆ ಖರ್ಚು ಜಾಸ್ತಿ. 1977ರಲ್ಲಿ ಸೀರಿಯಲ್ ಎಬಿಸಿಯಿಂದ ಸಿಬಿಎಸ್ ಚಾನೆಲ್‌ಗೆ ಹೋದಾಗ ಕಥೆಯನ್ನೂ ಎತ್ತಿ 1977ಕ್ಕೇ ತಂದಿಟ್ಟರು. ಡಯಾನಾಗೆ ವಯಸ್ಸೇ ಆಗಲ್ಲವಲ್ಲ, ತೊಂದರೆ ಇಲ್ಲ. ಸ್ಟೀವ್ ಟ್ರೆವರ್ ಗತಿ? ಅವನ ಮಗ ಸ್ಟೀವ್ ಟ್ರೆವರ್ ಜೂನಿಯರ್ ಬಂದ. ಪಾತ್ರ ಮಾಡಿದ್ದು ಅದೇ ನಟ! ಡಬಲ್ ಆ್ಯಕ್ಟಿಂಗ್ ಸಿನಿಮಾ ನೋಡಿ ಬೆಳೆದ ನಮಗೆ ಇದೇನು ದೊಡ್ಡ ವಿಷಯ ಅಲ್ಲ ಬಿಡಿ. ಆದರೆ 35 ವರ್ಷ ಜಿಗಿದರೂ ಸೀರಿಯಲ್ ಆರಾಮಾಗಿ ನಡೀತು. ಅಂದರೆ ಆ ಯುದ್ಧ ವಾಲ್‌ಪೇಪರೇ ಆಗಿತ್ತು.

ಈಗ 2017ರ ಸಿನಿಮಾಗೆ ಬರೋಣ. ನಿರ್ದೇಶಕಿ ಪ್ಯಾಟಿ ಜೆಂಕಿನ್ಸ್ ಅವರ ಈ ಸಿನಿಮಾದಲ್ಲಿ ಕಥೆ ಎರಡನೇ ಮಹಾಯುದ್ಧದಲ್ಲಿ ಇಲ್ಲ, ಮೊದಲನೆಯದರಲ್ಲಿದೆ. ಇಸವಿ ಬದಲಿಸಿದರೆ ಆ ಟ್ರೆಂಚ್ ಸೀನ್ ಉಳಿಯೋದೇ ಇಲ್ಲ. ಯಾಕೆ ಅಂತ ಮೆಷಿನ್‌ಗಳ ಕಡೆಯಿಂದ ನೋಡಿ. 1914ರ ಕೊನೆ ಹೊತ್ತಿಗೆ ಮೆಷಿನ್ ಗನ್ನು, ಮುಳ್ಳುತಂತಿ, ಫಿರಂಗಿ ಸೇರಿಕೊಂಡು ಎರಡೂ ಕಡೆಯವರನ್ನು ನೆಲದೊಳಗೆ ಕೂರಿಸಿದ್ದವು. ತಲೆ ಎತ್ತಿದವನು ಸತ್ತ. ಈ ಸಮಸ್ಯೆಗೆ ಇಂಜಿನಿಯರ್‌ಗಳು ಕೊಟ್ಟ ಉತ್ತರವೇ ಟ್ಯಾಂಕ್: ಗುಂಡುಗಳನ್ನು ತನ್ನ ಮೈಮೇಲೆ ತಗೊಂಡು ಮುಂದೆ ಹೋಗೋ ಕಬ್ಬಿಣದ ಪೆಟ್ಟಿಗೆ, ಅದರ ಹಿಂದೆ ಸೈನಿಕರು. ಮೊದಲು ಬಳಸಿದ್ದು 1916ರ ಸೆಪ್ಟೆಂಬರ್ 15ರಂದು, ಸೋಮ್ ಕದನದಲ್ಲಿ. ಡಯಾನಾ ಅಲ್ಲಿ ಮಾಡೋದೂ ಇಷ್ಟೇ. ಅವಳು ಯಾರನ್ನೂ ಹೊಡೆಯೋದಿಲ್ಲ. ಗುರಾಣಿ ಹಿಡಿದು ಕೂತು ಇಡೀ ಮೆಷಿನ್ ಗನ್ನಿನ ಬೆಂಕಿಯನ್ನು ತನ್ನ ಕಡೆ ಎಳ್ಕೋತಾಳೆ. ಆ ಗ್ಯಾಪ್‌ನಲ್ಲಿ ಉಳಿದವರು ದಾಟ್ತಾರೆ. ಅವಳ ಶಕ್ತಿ, ಆ ಯುದ್ಧದ ತೊಂದರೆ, ಎರಡೂ ಒಂದಕ್ಕೊಂದು ಬೀಗ ಮತ್ತು ಕೀಲಿಕೈ ಥರ ಕೂತಿವೆ.

ಇದಕ್ಕಿಂತ ನನ್ನನ್ನು ಕಾಡಿದ್ದು ಆಮೇಲಿನ ಭಾಗ. ಅಷ್ಟು ಕಷ್ಟಪಟ್ಟು ವೆಲ್ಡ್ ಅನ್ನೋ ಹಳ್ಳಿ ಉಳಿಸ್ತಾಳೆ, ರಾತ್ರಿ ಜನ ಕುಣೀತಾರೆ. ಸ್ವಲ್ಪ ಹೊತ್ತಿಗೇ ಆ ಹಳ್ಳಿ ಮೇಲೆ ವಿಷಾನಿಲ ಬೀಳುತ್ತೆ. ಅಷ್ಟೂ ಜನ ಸತ್ತಿರ್ತಾರೆ. ಗುರಾಣಿ ಗುಂಡು ತಡೆಯುತ್ತೆ, ಗ್ಯಾಸ್ ತಡೆಯಲ್ಲ. (ಕೆಮಿಸ್ಟ್ರಿಯಲ್ಲಿ ಅಮೋನಿಯ ತಯಾರಿಕೆಗೆ ಓದಿದ ಹೇಬರ್ ನೆನಪಿದ್ದಾರಲ್ಲ? 1915ರ ಏಪ್ರಿಲ್‌ನಲ್ಲಿ ಈಪ್ರ್‌ನಲ್ಲಿ ಕ್ಲೋರಿನ್ ಬಿಡಿಸಿದ್ದು ಅವರೇ.) ಕಷ್ಟದ ಪ್ರಶ್ನೆಗೆ ಸಿನಿಮಾ ಕೊಟ್ಟ ಒಳ್ಳೆ ಉತ್ತರ ಇಲ್ಲಿದೆ. ಸೂಪರ್‌ಹೀರೋಯಿನ್ ಯುದ್ಧದೊಳಗೆ ಬರಬಹುದು, ಆದರೆ ಯುದ್ಧ ಅವಳಿಗಿಂತ ದೊಡ್ಡದಾಗಿರಬೇಕು. ಅವಳು ಬಂದ ತಕ್ಷಣ ಎಲ್ಲ ಸರಿಹೋದರೆ, ನಿಜವಾಗಿ ಸತ್ತವರು ಸುಮ್ಮನೆ ಸತ್ತರು ಅಂತ ಆಗುತ್ತೆ.

ಕಾಮಿಕ್ಸ್ ಬರೆಯೋರಿಗೆ ಈ ಭಯ ಮೊದಲಿಂದ್ಲೂ ಇತ್ತು. ಸೂಪರ್‌ಮ್ಯಾನ್ ಇದ್ದರೆ ಹಿಟ್ಲರ್‌ನ ಒಂದು ಮಧ್ಯಾಹ್ನದಲ್ಲಿ ಎತ್ಕೊಂಡು ಬರಬಹುದಲ್ಲ? ಅದಕ್ಕೆ 1942ರಲ್ಲಿ ಕ್ಲಾರ್ಕ್ ಕೆಂಟ್‌ನ ಸೇನೆಯ ಕಣ್ಣಿನ ಪರೀಕ್ಷೆಯಲ್ಲೇ ಫೇಲ್ ಮಾಡಿಸಿದರು. ಎಕ್ಸ್-ರೇ ದೃಷ್ಟಿ ಗೋಡೆ ದಾಟಿ ಹೋಗಿ, ಅವನು ಪಕ್ಕದ ರೂಮಿನ ಚಾರ್ಟ್ ಓದಿಬಿಟ್ಟನಂತೆ!

ಸಿನಿಮಾ ಎಡವೋದು ಕೊನೆಯಲ್ಲಿ. ಜರ್ಮನ್ ಜನರಲ್ ಲುಡೆಂಡಾರ್ಫ್‌ನೇ ಯುದ್ಧದೇವತೆ ಏರೀಸ್ ಅಂದ್ಕೊಂಡು ಡಯಾನಾ ಕೊಲ್ತಾಳೆ. ಆದರೂ ಸೈನಿಕರು ಗ್ಯಾಸ್ ತುಂಬಿಸ್ತಾನೇ ಇರ್ತಾರೆ. ಅಬ್ಬಾ, ಎಂಥ ಸೀನ್! ಒಬ್ಬನನ್ನು ಕೊಂದರೆ ಯುದ್ಧ ನಿಲ್ಲಲ್ಲ. ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆಮೇಲೆ ನಿಜವಾದ ಏರೀಸ್ ಬಂದು, ಮಿಂಚು ಗುಡುಗು ಎಲ್ಲ ಆಗಿ, ಅವನು ಸತ್ತ ಮೇಲೆ ಸೈನಿಕರು ಮಾಸ್ಕ್ ತೆಗೆದು ತಬ್ಬಿಕೊಳ್ತಾರೆ. ಅಷ್ಟು ಹೊತ್ತು ಹೇಳಿದ್ದನ್ನೆಲ್ಲ ಒರೆಸಿ ಹಾಕಿದ ಹಾಗೆ. ಅದಲ್ಲದೆ ನಿಜವಾದ ಲುಡೆಂಡಾರ್ಫ್ 1918ರಲ್ಲಿ ಸಾಯಲಿಲ್ಲ. 1923ರಲ್ಲಿ ಮ್ಯೂನಿಕ್‌ನಲ್ಲಿ ಹಿಟ್ಲರ್ ಜೊತೆ ಸೇರಿ ದಂಗೆ ಎಬ್ಬಿಸೋಕೆ ನೋಡಿ, 1937ರಲ್ಲಿ ತೀರಿಕೊಂಡ. ಏರೀಸ್‌ನ ಬೇಕಾದ ಹಾಗೆ ಸಾಯಿಸಿ, ಅವನು ಪುರಾಣದವನು. ನಿಜವಾಗಿ ಬದುಕಿದ್ದವನನ್ನು 19 ವರ್ಷ ಮೊದಲೇ ಸಾಯಿಸಿದರೆ ಅವನು ಆಮೇಲೆ ಮಾಡಿದ್ದೂ ಮಾಫ್ ಆಗಿಬಿಡುತ್ತೆ.

ಇನ್ನು ಚಿಪ್ಸ್ ಗೆಳೆಯನ ಮೊದಲ ಪ್ರಶ್ನೆ. ಬೆಲ್ಜಿಯಂನ ಟ್ರೆಂಚ್‌ಗಳಲ್ಲಿ ಹೆಣ್ಣು ಸೈನಿಕರು ಇರಲಿಲ್ಲ, ಅಷ್ಟರಮಟ್ಟಿಗೆ ಅವನು ಸರಿ. ಆದರೆ ಅದೇ ಯುದ್ಧದಲ್ಲಿ, 1917ರಲ್ಲಿ, ರಷ್ಯಾದ ಮರಿಯಾ ಬೋಚ್ಕರೇವಾ ಹೆಂಗಸರದ್ದೇ ಒಂದು ಬೆಟಾಲಿಯನ್ ಕಟ್ಟಿ ಫ್ರಂಟ್‌ಗೆ ಕರ್ಕೊಂಡು ಹೋಗಿದ್ದರು. ಎರಡನೇ ಯುದ್ಧದಲ್ಲಿ ಸೋವಿಯತ್ 588ನೇ ರಾತ್ರಿ ಬಾಂಬರ್ ರೆಜಿಮೆಂಟ್‌ನಲ್ಲಿ ಪೈಲಟ್‌ಗಳು, ನ್ಯಾವಿಗೇಟರ್‌ಗಳು, ಮೆಕ್ಯಾನಿಕ್‌ಗಳು ಎಲ್ಲ ಹೆಂಗಸರೇ. ಮರ, ಬಟ್ಟೆಯ ಪಿಒ-2 ವಿಮಾನದಲ್ಲಿ ರಾತ್ರಿ ಹೋಗಿ, ಗುರಿ ಹತ್ತಿರ ಇಂಜಿನ್ ಸದ್ದು ಇಳಿಸಿ, ಗ್ಲೈಡ್ ಮಾಡ್ತಾ ಬಾಂಬ್ ಹಾಕಿ ಬರ್ತಿದ್ರು. ಜರ್ಮನರು ಅವರಿಗೆ ಇಟ್ಟ ಹೆಸರು ‘ರಾತ್ರಿ ಮಾಟಗಾತಿಯರು’. ಇದನ್ನು ಯಾರಾದರೂ ಕಾಮಿಕ್ಸ್‌ನಲ್ಲಿ ಹೊಸದಾಗಿ ಬರೆದಿದ್ದರೆ ನಮ್ಮವನು “ಓವರ್ ಆಯ್ತು” ಅಂತಿದ್ದ.

ಟಿಪ್ಪು ಸುಲ್ತಾನನ ವಂಶದ ನೂರ್ ಇನಾಯತ್ ಖಾನ್ ಅವರ ಬಗ್ಗೆ ಇಸಿ ಬ್ರಾಂಚಿನವರಾದರೂ ಓದಲೇಬೇಕು. 1943ರ ಜೂನ್‌ನಲ್ಲಿ ಬ್ರಿಟನ್ನಿನ ಗುಪ್ತ ಸಂಸ್ಥೆ ಎಸ್‌ಒಇ ಅವರನ್ನು ವೈರ್‌ಲೆಸ್ ಆಪರೇಟರ್ ಆಗಿ ಫ್ರಾನ್ಸ್‌ಗೆ ಕಳಿಸಿತು. ಕೆಲವೇ ದಿನಗಳಲ್ಲಿ ಅವರ ತಂಡದವರು ಒಬ್ಬೊಬ್ಬರಾಗಿ ಸಿಕ್ಕಿಬಿದ್ದರು. ಅವರು ಪ್ಯಾರಿಸ್ ಬಿಡಲಿಲ್ಲ. ಒಂದೇ ಜಾಗದಿಂದ ಹೆಚ್ಚು ಹೊತ್ತು ಸಿಗ್ನಲ್ ಕಳಿಸಿದರೆ ಜರ್ಮನರು ಎರಡು ಮೂರು ಕಡೆಯಿಂದ ದಿಕ್ಕು ಅಳೆದು, ಗೆರೆಗಳು ಕೂಡೋ ಜಾಗಕ್ಕೆ ಬಂದುಬಿಡ್ತಿದ್ರು. ಅದಕ್ಕೇ ಸೂಟ್‌ಕೇಸ್‌ನಲ್ಲಿ ರೇಡಿಯೋ ಹೊತ್ತು ಮನೆಯಿಂದ ಮನೆಗೆ ತಿರುಗ್ತಾ ಇದ್ದರು. ಅಕ್ಟೋಬರ್‌ನಲ್ಲಿ ಬಂಧನ ಆಯ್ತು. 1944ರ ಸೆಪ್ಟೆಂಬರ್ 13ರಂದು ಡಖಾವ್ ಶಿಬಿರದಲ್ಲಿ ಕೊಂದರು. ಆಗ ಅವರಿಗೆ 30 ವರ್ಷ. ಗುರಾಣಿ ಇರಲಿಲ್ಲ.

ಇದನ್ನೆಲ್ಲ ಗೆಳೆಯನಿಗೆ ಹೇಳಿದೆ. “ಹಂಗಾದ್ರೆ ಇವರದ್ದೇ ಸಿನಿಮಾ ಮಾಡ್ಲಿ, ಡಯಾನಾ ಯಾಕೆ?” ಅಂದ. ಪಾಯಿಂಟ್ ಇದೆ. ಆದರೆ ನೂರ್ ಬಗ್ಗೆ ನಾನು ಹುಡುಕಿದ್ದೇ ಡಯಾನಾ ಸೀನ್ ನೋಡಿ ಜಗಳ ಆದ ಮೇಲೆ. ಸದ್ಯಕ್ಕೆ ಒಂದು ಒಪ್ಪಂದ ಆಗಿದೆ: ಮುಂದಿನ ಶನಿವಾರ ‘ಏಜೆಂಟ್ ಕಾರ್ಟರ್’ ಮೊದಲ ಸೀಸನ್. 1946, ಯುದ್ಧ ಮುಗಿದಿದೆ, ಪೆಗ್ಗಿ ಕಾರ್ಟರ್‌ಗೆ ಆಫೀಸಲ್ಲಿ ಫೈಲ್ ಜೋಡಿಸೋ ಕೆಲಸ. ಸೂಪರ್ ಪವರ್ ಏನೂ ಇಲ್ಲ. ಎಂಟೇ ಎಪಿಸೋಡು. ಚಿಪ್ಸ್ ಅವನದ್ದೇ.