ಹನ್ನೆರಡು ಸೆಕೆಂಡಿನ ಬಿಟ್

ಗಣೇಶ ಕೂತ ಐದನೆಯ ರಾತ್ರಿ ಹೊಸಪೇಟೆಯ ಯಾವುದಾದರೊಂದು ಓಣಿಯ ಪೆಂಡಾಲಿನ ಮುಂದೆ ಬಂದು ನಿಲ್ಲಿ. ಒಂದು ಕಡೆ ಬಾಣಲೆಯಲ್ಲಿ ಮಿರ್ಚಿ ಬೇಯುತ್ತಿರುತ್ತದೆ, ಪಕ್ಕದಲ್ಲೇ ಒಗ್ಗರಣೆ ಮಂಡಕ್ಕಿಯ ಘಮ, ಹಿಂದಿನಿಂದ ಜನರೇಟರಿನ ಡೀಸೆಲ್ ಹೊಗೆ. ವೇದಿಕೆಯ ಮೇಲೆ ಆರ್ಕೆಸ್ಟ್ರಾ. ಗಾಯಕ ಗಾಯಕಿಯರು ಮುಂದೆ, ಮಿಂಚುವ ಕೋಟು ಸೀರೆಗಳಲ್ಲಿ. ಕೀಬೋರ್ಡು, ಪ್ಯಾಡು, ತಬಲಾ ಹಿಂದೆ. ಅವೆಲ್ಲಕ್ಕಿಂತ ಹಿಂದೆ, ಸ್ಪೀಕರ್ ಡಬ್ಬದ ಅರ್ಧ ನೆರಳಿನಲ್ಲಿ, ಲೀಡ್ ಗಿಟಾರಿನ ಹುಡುಗ. ಪಲ್ಲವಿ ಮುಗಿದು ಚರಣ ಶುರುವಾಗುವ ನಡುವೆ ಅವನಿಗೊಂದು ಬಿಟ್ ಇದೆ.

ಅಷ್ಟು ಹೊತ್ತು ಅವನ ಎಡಗೈಯನ್ನೇ ನೋಡಿ. ತೋರುಬೆರಳು, ನಡುಬೆರಳು, ಉಂಗುರಬೆರಳು ಮೂರೂ ಒಂದೇ ತಂತಿಯ ಮೇಲೆ ಸಾಲಾಗಿ ಕೂತು ಅದನ್ನು ಮೇಲಕ್ಕೆ ದಬ್ಬುತ್ತವೆ, ಸ್ವರ ನಿಧಾನಕ್ಕೆ ಏರಿ ಮುಂದಿನ ಸ್ವರವನ್ನು ಮುಟ್ಟುತ್ತದೆ, ಅಲ್ಲೇ ನಡುಗುತ್ತದೆ. ಬೆರಳ ತುದಿಯ ಚರ್ಮ ಗಟ್ಟಿಯಾಗಿ ಹಳದಿಗಟ್ಟಿದೆ. ಯಾರೋ ಸಿಳ್ಳೆ ಹಾಕುತ್ತಾರೆ. ಹನ್ನೆರಡು ಸೆಕೆಂಡು ಇದ್ದೀತು. ಅಷ್ಟರಲ್ಲಿ ಗಾಯಕ ಮೈಕಿಗೆ ಬಾಯಿ ಕೊಟ್ಟಾಯಿತು, ಹುಡುಗ ಮತ್ತೆ ಕಾರ್ಡ್ಸ್ ಹಿಡಿದು ನೆರಳಿಗೆ ಸರಿದ.

ಆ ಹನ್ನೆರಡು ಸೆಕೆಂಡನ್ನೇ ಹಿಗ್ಗಿಸಿ, ಗಾಯಕನನ್ನು ಮನೆಗೆ ಕಳಿಸಿ, ಹಾಡಬೇಕಾದ್ದನ್ನೆಲ್ಲ ಗಿಟಾರಿನ ಕೈಯಲ್ಲೇ ಹಾಡಿಸಿದರೆ? ಅಮೆರಿಕದ ಜೋ ಸ್ಯಾಟ್ರಿಯಾನಿ ಮಾಡಿದ್ದು ಇದನ್ನೇ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಗಿಟಾರ್ ಪಾಠ ಹೇಳಿಕೊಂಡಿದ್ದ ಮೇಷ್ಟ್ರು ಅವನು. 1984ರಲ್ಲಿ ಸ್ವಂತ ಖರ್ಚಿನಲ್ಲಿ ಒಂದು ಪುಟ್ಟ ರೆಕಾರ್ಡ್ ತಂದ. ಡ್ರಮ್ಮಿಲ್ಲ, ಬೇಸಿಲ್ಲ, ಕೇಳಿಸುವ ಸದ್ದೆಲ್ಲ ಗಿಟಾರಿನದೇ. ಆಮೇಲೆ ಕ್ರೆಡಿಟ್ ಕಾರ್ಡ್ ಸಾಲದ ಮೇಲೆ ಸ್ಟುಡಿಯೋ ಹಿಡಿದು ಮಾಡಿದ ಮೊದಲ ಪೂರ್ಣ ಆಲ್ಬಂ ‘ನಾಟ್ ಆಫ್ ದಿಸ್ ಅರ್ತ್’ 1986ರಲ್ಲಿ ಹೊರಬಂತು. ಹತ್ತು ರಚನೆ, ಸುಮಾರು 40 ನಿಮಿಷ, ಹಾಡುವ ಗಾಯಕ ಒಬ್ಬನೂ ಇಲ್ಲ. ಹೆಂಡತಿಯ ಹೆಸರಿನ ‘ರುಬೀನಾ’ ಕೇಳಿದರೆ ಸಾಕು, ಪ್ರೀತಿ ಹೇಳಲು ಸಾಹಿತ್ಯ ಬರೆಯುವವರು ಬೇಕೇ ಬೇಕು ಎನ್ನುವ ನಮ್ಮ ಹಟ ಸ್ವಲ್ಪ ಸಡಿಲವಾಗುತ್ತದೆ.

‘ಹಾಡು ಯಾವಾಗ ಶುರು ಆಗತೈತಿ?’ ಇಂಥದ್ದನ್ನು ಕೇಳಿಸಿದಾಗ ನಮ್ಮಲ್ಲಿ ಮೊದಲು ಬರುವ ಪ್ರಶ್ನೆ ಇದೇ. ಆದರೆ ಈ ಸೀಮೆಯ ಕಿವಿಗೆ ಮಾತಿಲ್ಲದ ಸಂಗೀತ ಹೊಸತೇನಲ್ಲ. ಬೆಳಿಗ್ಗೆ ಹಂಪಿಯ ವಿರೂಪಾಕ್ಷನ ಗುಡಿಯ ಅಂಗಳದಲ್ಲಿ ನಿಂತು ನೋಡಿ: ಕರ್ಪೂರ, ಒದ್ದೆ ಕಲ್ಲು, ಬಾವಲಿಗಳ ವಾಸನೆಯ ನಡುವೆ ನಾಗಸ್ವರ ಏಳುವಾಗ ಅದರ ಸಾಹಿತ್ಯ ಯಾವುದೆಂದು ಯಾರೂ ಕೇಳುವುದಿಲ್ಲ. ನದಿ ದಂಡೆಯಲ್ಲಿ ತುಸು ನಡೆದರೆ ಪುರಂದರ ಮಂಟಪ, ನೀರು ಏರಿದಾಗ ಕಂಬದ ಬುಡ ಮುಳುಗುತ್ತದೆ. ಸಂಗೀತ ಕಲಿಯುವ ಮಕ್ಕಳಿಗೆ ಪುರಂದರದಾಸರು ಹಾಕಿಕೊಟ್ಟರೆಂದು ಹೇಳುವ ಮೊದಲ ಪಾಠ ಮಾಯಾಮಾಳವಗೌಳದ ಸರಳೆ ವರಸೆ. ಅದರಲ್ಲಿ ಬರೀ ಸ್ವರ, ಪದವೇ ಇಲ್ಲ.

ವಿಠ್ಠಲ ದೇವಸ್ಥಾನದ ಮಹಾಮಂಟಪದಲ್ಲಿ ಒಂದೇ ಬಂಡೆಯಿಂದ ಬಿಡಿಸಿದ ಸಣ್ಣ ಸಣ್ಣ ಕಂಬಗಳು ದೊಡ್ಡ ಕಂಬದ ಸುತ್ತ ಗುಂಪಾಗಿ ನಿಂತಿವೆ. ಕೈ ಚಾಚಿದರೆ ಕಾವಲುಗಾರನ ಸೀಟಿ ಬೀಳುತ್ತದೆ, ಬೀಳಬೇಕು ಕೂಡ. ಮುಟ್ಟುವ ಕಾಲದಲ್ಲಿ ಅವು ಬೇರೆ ಬೇರೆ ಸ್ವರ ಕೊಡುತ್ತಿದ್ದವು. ಒಳಗೆ ಟೊಳ್ಳಿದೆ ಎಂದು ನಂಬಿದವರು ಬಹಳ. ಕಲ್ಪಾಕ್ಕಂನ ಇಂದಿರಾ ಗಾಂಧಿ ಅಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಪರೀಕ್ಷಿಸಿ, ಕಂಬಗಳು ಪೂರ್ತಿ ಘನವೇ, ಅವು ಬಾಗಿ ಕಂಪಿಸುವುದರಿಂದ ನಾದ ಹುಟ್ಟುತ್ತದೆ, ಉದ್ದ ದಪ್ಪಗಳು ಆ ಸ್ವರವನ್ನು ಗೊತ್ತು ಮಾಡುತ್ತವೆ ಎಂದರು. ಬಳ್ಳಾರಿ ಕಡೆಯ ಸಂಗನಕಲ್ಲು-ಕುಪ್ಪಗಲ್ಲಿನ ಹಿರೇಗುಡ್ಡದಲ್ಲಂತೂ ಹೊಸ ಶಿಲಾಯುಗದ ಜನ ಕರಿಗಲ್ಲನ್ನು ಬಡಿದು ಬಡಿದು ಗುಂಡಿ ಬೀಳಿಸಿದ್ದಾರೆ. ಕಲ್ಲಿನಿಂದ ಬಡಿದರೆ ಆ ಬಂಡೆ ಇವತ್ತಿಗೂ ಗಂಟೆಯ ಹಾಗೆ ಖಣಿಲೆನ್ನುತ್ತದೆ.

ಹಂಪಿಗೆ ಗಿಟಾರು ಬಂದದ್ದು ಪ್ರವಾಸಿಗಳ ಬೆನ್ನ ಮೇಲೆ. ಸಂಜೆ ಹೇಮಕೂಟದ ಬಂಡೆ ಇನ್ನೂ ಬೆಚ್ಚಗಿರುವಾಗ ಯಾರೋ ಒಬ್ಬರು ಮೀಟುತ್ತಾ ಕೂತಿರುತ್ತಿದ್ದರು. ಹೊಳೆಯಾಚೆಯ ವಿರೂಪಾಪುರ ಗಡ್ಡೆಯ ಹೋಟೆಲುಗಳಲ್ಲಿ ರಾತ್ರಿಯೆಲ್ಲ ಅದೇ. ಸುಪ್ರೀಂ ಕೋರ್ಟ್ ತೀರ್ಪಿನ ನಂತರ 2020ರಲ್ಲಿ ಆ ಕಟ್ಟಡಗಳು ನೆಲಸಮವಾದವು.

ಸಂಡೂರಿನ ದಾರಿ ಹಿಡಿದರೆ ಬಣ್ಣ ಬದಲಾಗುತ್ತದೆ. ಬೇವಿನ ಎಲೆ, ಹೋಟೆಲಿನ ಬೋರ್ಡು, ಎಮ್ಮೆಯ ಬೆನ್ನು, ಎಲ್ಲದರ ಮೇಲೂ ಕೆಂಪು ಧೂಳು. ಅದಿರು ಲಾರಿಗಳು ಗೇರ್ ಬದಲಿಸುತ್ತ ಘಾಟಿ ಇಳಿಯುತ್ತವೆ. ಈ ಕಬ್ಬಿಣಕ್ಕೂ ಆ ಹುಡುಗನ ಬೆರಳಿಗೂ ನಂಟಿದೆ. ಎಲೆಕ್ಟ್ರಿಕ್ ಗಿಟಾರಿನ ತಂತಿಯ ಕೆಳಗೆ ಅಯಸ್ಕಾಂತ, ಅದರ ಸುತ್ತ ತಾಮ್ರದ ಸುರುಳಿ, ಎರಡೂ ಸೇರಿ ಪಿಕಪ್. ಉಕ್ಕಿನ ತಂತಿ ನಡುಗಿದಾಗ ಕಾಂತಕ್ಷೇತ್ರ ನಡುಗುತ್ತದೆ, ಸುರುಳಿಯಲ್ಲಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ನೈಲಾನ್ ತಂತಿ ಕಟ್ಟಿದರೆ ಪಿಕಪ್ ಮೂಕ. ಅತಿ ತೆಳುವಾದ ಮೊದಲ ತಂತಿಯ ದಪ್ಪ ಕಾಲು ಮಿಲಿಮೀಟರ್ ಆಸುಪಾಸು. ಅಷ್ಟು ಸಪೂರವಾದ್ದರಿಂದಲೇ ಅದನ್ನು ಬೆರಳಲ್ಲಿ ಬಗ್ಗಿಸಿ ಗಮಕ ಹೊರಡಿಸಬಹುದು. ರಾಕ್ ಗಿಟಾರಿನವರು ಹಗಲಿರುಳು ಓಡಾಡುವ ಐದು ಸ್ವರಗಳ ದಾರಿಯೂ ನಮಗೆ ಅಪರಿಚಿತವಲ್ಲ, ಅದು ನಮ್ಮ ಶುದ್ಧ ಧನ್ಯಾಸಿಯ ಮೆಟ್ಟಿಲು.

ಇದೇ ಸಂಡೂರು ತಾಲ್ಲೂಕಿನ ದರೋಜಿಯಲ್ಲಿ ಬುರ್ರಕಥಾ ಈರಮ್ಮ ರಾತ್ರಿಗಟ್ಟಲೆ ಕುಮಾರರಾಮನ ಕಥೆ ಹಾಡಿದರು. ಆ ಕುಮಾರರಾಮನ ಊರು ಕಂಪ್ಲಿ. ಅಲ್ಲಿ ಸಂಜೆಗೆ ಗದ್ದೆಯ ಕೆಸರು, ಬೆಂದ ಭತ್ತದ ಆವಿ, ಕಪ್ಪೆಗಳ ವಟವಟ, ಅದರ ಅಡಿಯಲ್ಲಿ ಪಂಪ್‌ಸೆಟ್ಟುಗಳ ಒಂದೇ ಸಮನೆ ಗುಂಯ್. ಮನೆಯಲ್ಲಿ ಆಂಪ್ಲಿಫೈಯರಿಗೆ ವೈರು ಚುಚ್ಚಿದರೂ ಕೇಳುವುದು ಇಂಥದೇ ಗುಂಯ್: ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಹೊಯ್ದಾಡುವ ಸದ್ದನ್ನು ಒಂಟಿ ಸುರುಳಿಯ ಪಿಕಪ್ ಹೀರಿಕೊಳ್ಳುತ್ತದೆ. ಎರಡು ಸುರುಳಿಗಳನ್ನು ಎದುರುಬದುರಾಗಿ ಸುತ್ತಿ ಅದನ್ನು ಅಡಗಿಸುವ ಉಪಾಯವನ್ನು ಗಿಬ್ಸನ್ ಕಂಪನಿಯ ಸೇತ್ ಲವರ್ 1955ರಲ್ಲಿ ಹುಡುಕಿದ. ಮನೆಯಲ್ಲೇ ರೆಕಾರ್ಡ್ ಮಾಡುವ ಹಳ್ಳಿ ಹುಡುಗರಿಗೆ ಇದು ದೊಡ್ಡ ಉಪಕಾರ. ಇವತ್ತು ಒಂದು ಲ್ಯಾಪ್‌ಟಾಪು, ಒಂದು ಆಡಿಯೋ ಇಂಟರ್‌ಫೇಸ್, ಹೆಡ್‌ಫೋನು ಇದ್ದರೆ ಆಲ್ಬಂ ಆಗುತ್ತದೆ. ಸ್ಟುಡಿಯೋ ಸಾಲ ಬೇಕಿಲ್ಲ. ಕೇಳುವವರು ಬೇಕು, ಅಷ್ಟೇ ಕಷ್ಟ.

ಬೆಂಗಳೂರಿನಲ್ಲಿ ಈ ಕೆಲಸ ನಡೆದಿದೆ. ‘ಅಂಟಿಲ್ ವಿ ಲಾಸ್ಟ್’ ತಂಡ ‘ಅರ್ತ್‌ಗೇಜಿಂಗ್’ನಲ್ಲಿ ಮಾತಿಲ್ಲದ ಗಿಟಾರನ್ನೇ ನೆಚ್ಚಿಕೊಂಡಿತು, ಪ್ರಕಾಶ್ ಸೊಂಟಕ್ಕೆ ಸ್ಲೈಡ್ ಗಿಟಾರಿನ ಮೇಲೆ ಹಿಂದೂಸ್ತಾನಿ ರಾಗ ವಿಸ್ತರಿಸುತ್ತಾರೆ. ತುಂಗಭದ್ರೆಯ ದಂಡೆಯವರಿಗೆ ಇರುವ ಅವಕಾಶ ಮಾತ್ರ ಇನ್ನೂ ಪೆಂಡಾಲಿನ ಆ ಬಿಟ್ಟಿನಷ್ಟೇ.

ಹಾಗಾಗಿ ಹಂಪಿ ಉತ್ಸವದ ಸಂಘಟಕರಲ್ಲಿ ಒಂದು ಮಾತು. ಸಿನಿಮಾ ಗಾಯಕರಿಗೆ ಕೊಡುವ ಸಂಜೆಗಳಲ್ಲಿ ನಲವತ್ತು ನಿಮಿಷವನ್ನು ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಈ ನಾಲ್ಕು ಊರುಗಳ ಹುಡುಗ ಹುಡುಗಿಯರ ಗಿಟಾರಿಗೆ ಬಿಡಿ, ನಿರೂಪಕರಿಗೆ ಆ ಹೊತ್ತು ಮೈಕ್ ಕೊಡಬೇಡಿ. ನೀವೂ ಮುಂದಿನ ಸಲ ಆರ್ಕೆಸ್ಟ್ರಾಕ್ಕೆ ಹೋದಾಗ, ಚರಣಕ್ಕೆ ಮುಂಚಿನ ಆ ಬಿಟ್ ಮುಗಿದ ಮೇಲೆ ಚಪ್ಪಾಳೆ ತಟ್ಟಿ. ಹುಡುಗನ ಹೆಸರೇನೆಂದು ಕೇಳಿಕೊಂಡು ಬನ್ನಿ.