ಶಾಲಾ ಸ್ನೇಹ ಸಮ್ಮೇಳನದ ನಾಟಕ: ಸಿದ್ಧತೆ, ಅನುಮತಿ ಮತ್ತು ಪಾಲಕರ ಹೊಣೆ

ಶಾಲೆಗಳ ವಾರ್ಷಿಕ ಸ್ನೇಹ ಸಮ್ಮೇಳನವು ಹಾವೇರಿ ಜಿಲ್ಲೆಯ ಗ್ರಾಮಗಳಲ್ಲಿ ‘ಗ್ಯಾದರಿಂಗ್’ ಎಂಬ ಹೆಸರಿನಿಂದಲೇ ಜನಜನಿತವಾಗಿದೆ. ಈ ಸಮಾರಂಭದ ಮುಖ್ಯ ಆಕರ್ಷಣೆ ವಿದ್ಯಾರ್ಥಿಗಳು ಅಭಿನಯಿಸುವ ನಾಟಕ. ಇದನ್ನು ಏರ್ಪಡಿಸುವ ಸಂದರ್ಭದಲ್ಲಿ ಯಾರ ಅನುಮತಿ ಪಡೆಯಬೇಕು, ಯಾವ ನಾಟಕವನ್ನು ಆಡಬಹುದು, ಖರ್ಚನ್ನು ಯಾರು ಭರಿಸಬೇಕು ಎಂಬ ಪ್ರಶ್ನೆಗಳು ಪಾಲಕರಲ್ಲಿಯೂ ಶಾಲಾ ಸಮಿತಿಗಳಲ್ಲಿಯೂ ಮೇಲಿಂದ ಮೇಲೆ ಉದ್ಭವಿಸುತ್ತವೆ. ಹಾವೇರಿ ತಾಲ್ಲೂಕಿನ ಕರ್ಜಗಿ ಹಾಗೂ ಸುತ್ತಲಿನ ಗ್ರಾಮಗಳ ಶಾಲೆಗಳನ್ನು ಗಮನದಲ್ಲಿರಿಸಿಕೊಂಡು, ಸಾರ್ವಜನಿಕರ ಮಾಹಿತಿಗಾಗಿ ಈ ಲೇಖನವನ್ನು ಸಿದ್ಧಪಡಿಸಲಾಗಿದೆ.

1. ಹಿನ್ನೆಲೆ

ಕರ್ಜಗಿಯು ಹೋಬಳಿ ಕೇಂದ್ರವಾಗಿದ್ದು, ಬ್ರಿಟಿಷರ ಆಡಳಿತದಲ್ಲಿ ಧಾರವಾಡ ಜಿಲ್ಲೆಯ ಒಂದು ತಾಲ್ಲೂಕಿಗೆ ಹೆಸರು ನೀಡಿದ ಊರು. ಹರಿದಾಸ ಪರಂಪರೆಯಲ್ಲಿ ‘ಶ್ರೀದ ವಿಠಲ’ ಅಂಕಿತದಿಂದ ಪ್ರಸಿದ್ಧರಾದ ಕರ್ಜಗಿ ದಾಸಪ್ಪನವರ ಹೆಸರಿನೊಡನೆ ಈ ಊರು ಬೆಸೆದುಕೊಂಡಿದೆ. ದೊಡ್ಡಾಟ, ಸಣ್ಣಾಟ ಮತ್ತು ಕಂಪನಿ ನಾಟಕಗಳನ್ನು ನೋಡಿ ಬೆಳೆದ ಪ್ರದೇಶವಿದು. ಆದುದರಿಂದ ಶಾಲೆಯ ನಾಟಕವನ್ನು ನೋಡಲು ಪಾಲಕರಷ್ಟೇ ಅಲ್ಲದೆ ಊರಿಗೆ ಊರೇ ಸೇರುವುದು ಇಲ್ಲಿ ಸಹಜ.

ಶಾಲಾ ಶಿಕ್ಷಕರಿಗೂ ಕನ್ನಡ ರಂಗಭೂಮಿಗೂ ಇರುವ ಸಂಬಂಧ ಹಳೆಯದು. ಇದೇ ಜಿಲ್ಲೆಯ ಸಾತೇನಹಳ್ಳಿಯಲ್ಲಿ 1856ರಲ್ಲಿ ಜನಿಸಿದ ಸಕ್ಕರಿ ಬಾಳಾಚಾರ್ಯರು ‘ಶಾಂತಕವಿ’ ಎಂಬ ಕಾವ್ಯನಾಮದಿಂದ ಖ್ಯಾತರಾದವರು; ವೃತ್ತಿಯಿಂದ ಶಿಕ್ಷಕರು. ಉತ್ತರ ಕರ್ನಾಟಕದಲ್ಲಿ ಮರಾಠಿ ನಾಟಕಗಳ ಪ್ರಾಬಲ್ಯವಿದ್ದ 1870ರ ದಶಕದಲ್ಲಿ ಅವರು ‘ಉಷಾಹರಣ’ ಮೊದಲಾದ ಕನ್ನಡ ನಾಟಕಗಳನ್ನು ರಚಿಸಿ, ಗದುಗಿನಲ್ಲಿ ನಾಟಕ ಮಂಡಳಿಯನ್ನು ಕಟ್ಟಿ ರಂಗಕ್ಕೆ ತಂದರು.

ಇಂದಿನ ಶಿಕ್ಷಣ ನೀತಿಯಲ್ಲಿಯೂ ನಾಟಕಕ್ಕೆ ಸ್ಥಾನವಿದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸಂಗೀತ, ನೃತ್ಯ, ಚಿತ್ರಕಲೆಗಳ ಜೊತೆಗೆ ನಾಟಕವನ್ನೂ ಶಾಲಾ ಕಲಿಕೆಯ ಭಾಗವೆಂದು ಪರಿಗಣಿಸಿತು. 2009ರ ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಅಧಿನಿಯಮದ 29ನೇ ಕಲಂ, ಮಗುವಿನ ಸರ್ವಾಂಗೀಣ ಬೆಳವಣಿಗೆಯನ್ನೂ ಭಯವಿಲ್ಲದೆ ಅಭಿಪ್ರಾಯ ಹೇಳುವ ಸಾಮರ್ಥ್ಯವನ್ನೂ ಪಠ್ಯಕ್ರಮದ ಗುರಿಗಳಲ್ಲಿ ಸೇರಿಸಿದೆ. ಶಾಲೆಯ ನಾಟಕವು ಮಕ್ಕಳ ಕಲಿಕೆಯಾಗಿ ಉಳಿದಿರುವಷ್ಟು ಕಾಲ ಅದರ ನಿಯಮಗಳು ಸರಳ. ಅದು ಟಿಕೆಟ್ಟಿನ, ತಡರಾತ್ರಿಯ ಸಾರ್ವಜನಿಕ ಪ್ರದರ್ಶನವಾದಾಗ ನಿಯಮಗಳೂ ಬಿಗಿಯಾಗುತ್ತವೆ, ಮಗುವಿನ ಪಾಲೂ ಕಡಿಮೆಯಾಗುತ್ತದೆ. ಮುಂದಿನ ವಿವರಗಳನ್ನು ಈ ದೃಷ್ಟಿಯಿಂದ ಓದಿಕೊಳ್ಳುವುದು.

2. ನಿರ್ಧಾರ ಯಾರದು

ಸರ್ಕಾರಿ ಶಾಲೆಗಳಲ್ಲಿ ಎಸ್.ಡಿ.ಎಂ.ಸಿ. ಎಂದು ಕರೆಯಲಾಗುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು 2001ರಿಂದ ಕಾರ್ಯ ನಿರ್ವಹಿಸುತ್ತಿವೆ. ಶಿಕ್ಷಣ ಹಕ್ಕು ಅಧಿನಿಯಮದ 21ನೇ ಕಲಮಿನಂತೆ ಶಾಲಾ ಸಮಿತಿಯ ಸದಸ್ಯರಲ್ಲಿ ಕನಿಷ್ಠ ನಾಲ್ಕನೇ ಮೂರು ಭಾಗ ಪಾಲಕರು ಅಥವಾ ಪೋಷಕರಾಗಿರಬೇಕು. ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಸಮ್ಮೇಳನದ ದಿನಾಂಕ, ನಾಟಕದ ಆಯ್ಕೆ, ಖರ್ಚಿನ ಅಂದಾಜು ಮತ್ತು ಕಾರ್ಯಕ್ರಮ ಮುಗಿಯಬೇಕಾದ ವೇಳೆಯನ್ನು ಸಮಿತಿಯ ಸಭೆಯಲ್ಲಿ ಚರ್ಚಿಸಿ ನಡಾವಳಿ ಪುಸ್ತಕದಲ್ಲಿ ದಾಖಲಿಸುವುದು ಒಳ್ಳೆಯದು. ಮುಂದೆ ಸಲ್ಲಿಸುವ ಎಲ್ಲ ಅರ್ಜಿಗಳಿಗೂ ಈ ನಡಾವಳಿಯ ಪ್ರತಿಯೇ ಆಧಾರವಾಗುತ್ತದೆ.

3. ನಾಟಕದ ಆಯ್ಕೆ ಮತ್ತು ಕೃತಿಸ್ವಾಮ್ಯ

ಅಚ್ಚಾದ ನಾಟಕವನ್ನು ಕೊಂಡ ಮಾತ್ರಕ್ಕೆ ಅದನ್ನು ಪ್ರದರ್ಶಿಸುವ ಹಕ್ಕು ದೊರೆಯುವುದಿಲ್ಲ. ಕೃತಿಸ್ವಾಮ್ಯ ಅಧಿನಿಯಮ, 1957ರಂತೆ ಲೇಖಕರು ನಿಧನರಾದ ವರ್ಷದ ಮುಂದಿನ ವರ್ಷದಿಂದ 60 ವರ್ಷಗಳವರೆಗೆ ಹಕ್ಕು ಅವರ ವಾರಸುದಾರರಲ್ಲಿ ಅಥವಾ ಹಕ್ಕು ಪಡೆದವರಲ್ಲಿ ಇರುತ್ತದೆ. ಕೆಲವು ಉದಾಹರಣೆಗಳು:

ಅ) ಶಾಂತಕವಿ (ನಿಧನ 1920), ಸಂಸ (1939), ಟಿ.ಪಿ. ಕೈಲಾಸಂ (1946): ಇವರ ಕೃತಿಗಳ ಹಕ್ಕಿನ ಅವಧಿ ಮುಗಿದಿದೆ. ಅನುಮತಿ ಅಗತ್ಯವಿಲ್ಲ.
ಆ) ದ.ರಾ. ಬೇಂದ್ರೆ (1981): 2041ರ ಅಂತ್ಯದವರೆಗೆ ಹಕ್ಕು ಇರುತ್ತದೆ.
ಇ) ಶ್ರೀರಂಗ (1984): 2044ರ ಅಂತ್ಯದವರೆಗೆ.
ಈ) ಕುವೆಂಪು (1994): 2054ರ ಅಂತ್ಯದವರೆಗೆ.

ಶಾಲೆಗಳಿಗೆ ಇದರಲ್ಲಿ ಒಂದು ಮುಖ್ಯ ವಿನಾಯಿತಿ ಇದೆ. ಅದೇ ಅಧಿನಿಯಮದ 52ನೇ ಕಲಮಿನ ಪ್ರಕಾರ, ಶಿಕ್ಷಣ ಸಂಸ್ಥೆಯ ಚಟುವಟಿಕೆಯ ಭಾಗವಾಗಿ ಅಲ್ಲಿನ ಸಿಬ್ಬಂದಿ ಮತ್ತು ವಿದ್ಯಾರ್ಥಿಗಳು ನಾಟಕವನ್ನು ಅಭಿನಯಿಸಿದರೆ ಅದು ಕೃತಿಸ್ವಾಮ್ಯದ ಉಲ್ಲಂಘನೆಯಾಗುವುದಿಲ್ಲ. ಆದರೆ ಈ ವಿನಾಯಿತಿಯು ಸಿಬ್ಬಂದಿ, ವಿದ್ಯಾರ್ಥಿಗಳು, ಅವರ ಪಾಲಕರು, ಪೋಷಕರು ಹಾಗೂ ಸಂಸ್ಥೆಯ ಚಟುವಟಿಕೆಗಳಿಗೆ ಸಂಬಂಧಿಸಿದವರಿಗೆ ಸೀಮಿತವಾದ ಪ್ರೇಕ್ಷಕ ವರ್ಗವನ್ನು ಉದ್ದೇಶಿಸಿದೆ ಎಂದು ತಿಳಿದು ನಡೆಯುವುದು ಸುರಕ್ಷಿತ. ಊರಿನವರೆಲ್ಲ ಸೇರುವ ಸಮ್ಮೇಳನವಾದರೆ, ಹಕ್ಕಿನ ಅವಧಿ ಮುಗಿಯದ ನಾಟಕಕ್ಕೆ ಲೇಖಕರಿಂದ ಅಥವಾ ವಾರಸುದಾರರಿಂದ ಮೊದಲೇ ಲಿಖಿತ ಒಪ್ಪಿಗೆ ಪಡೆಯತಕ್ಕದ್ದು. ಪ್ರಕಾಶಕರ ಮೂಲಕ ಪತ್ರ ಬರೆದು ಕೇಳಬಹುದು. ಶಾಲೆಯ ಹೆಸರು, ಪ್ರದರ್ಶನದ ದಿನಾಂಕ, ಉಚಿತ ಪ್ರವೇಶ ಎಂಬ ಸಂಗತಿ ಪತ್ರದಲ್ಲಿರಲಿ.

ಊರಿನ ಹವ್ಯಾಸಿ ಸಂಘಗಳಿಗೂ ಪ್ರತ್ಯೇಕ ವಿನಾಯಿತಿ ಉಂಟು. ಪ್ರೇಕ್ಷಕರಿಂದ ಹಣ ಪಡೆಯದೆ ಅಥವಾ ಧಾರ್ಮಿಕ ಸಂಸ್ಥೆಯ ಸಹಾಯಾರ್ಥವಾಗಿ ಹವ್ಯಾಸಿ ಸಂಘವು ನೀಡುವ ಪ್ರದರ್ಶನವು ಉಲ್ಲಂಘನೆಯಲ್ಲ. ಟಿಕೆಟ್ ಇಟ್ಟ ಪ್ರದರ್ಶನಕ್ಕೆ ಉಚಿತ ಪ್ರದರ್ಶನದ ಈ ರಕ್ಷಣೆ ದೊರೆಯುವುದಿಲ್ಲ.

ಗಮನಿಸಬೇಕಾದ ಇನ್ನೊಂದು ಅಂಶವೆಂದರೆ, ಮೇಲಿನ ವಿನಾಯಿತಿಗಳು ಅಭಿನಯಕ್ಕೆ ಸಂಬಂಧಿಸಿದವು. ನಾಟಕವನ್ನು ಚಿತ್ರೀಕರಿಸಿ ಅಂತರಜಾಲದಲ್ಲಿ ಪ್ರಕಟಿಸುವುದಕ್ಕೆ ಅವು ಅನ್ವಯಿಸುತ್ತವೆಂದು ಭಾವಿಸತಕ್ಕದ್ದಲ್ಲ. ಮಕ್ಕಳ ಚಿತ್ರಗಳನ್ನು ಪ್ರಕಟಿಸುವ ಮುನ್ನ ಪಾಲಕರ ಒಪ್ಪಿಗೆಯನ್ನೂ ಪಡೆಯಬೇಕು.

ಆಯ್ಕೆಗೆ ಎರಡು ಸುಲಭ ಮಾರ್ಗಗಳಿವೆ. ಮೊದಲನೆಯದು, ಹಕ್ಕಿನ ಅವಧಿ ಮುಗಿದ ಕೃತಿ. ಕೈಲಾಸಂ ಅವರ ‘ಟೊಳ್ಳು ಗಟ್ಟಿ’ ಪರೀಕ್ಷೆಯ ಅಂಕಗಳಿಂದಲೇ ಮಕ್ಕಳನ್ನು ಅಳೆಯುವ ಮನೆಯನ್ನು ಕುರಿತ ನಾಟಕ. ಇಂದಿನ ಪಾಲಕರಿಗೂ ಹತ್ತಿರವಾದ ವಿಷಯ. ಅದರ ಇಂಗ್ಲಿಷ್ ಮಿಶ್ರಿತ ಪೇಟೆಯ ಮಾತು ಇಲ್ಲಿನ ಮಕ್ಕಳ ನಾಲಿಗೆಗೆ ಒಗ್ಗದಿದ್ದಲ್ಲಿ, ಕೃತಿಯ ಆಶಯಕ್ಕೆ ಧಕ್ಕೆ ಬಾರದಂತೆ ಹಾವೇರಿ ಭಾಗದ ಆಡುಮಾತಿಗೆ ಹೊಂದಿಸಿಕೊಳ್ಳಬಹುದು. ಎರಡನೆಯದು, ಮಕ್ಕಳೇ ಶಿಕ್ಷಕರ ನೆರವಿನಿಂದ ನಾಟಕ ಕಟ್ಟುವುದು. ಕರ್ಜಗಿ ದಾಸಪ್ಪನವರ ಜೀವನ, ಬಾಡದಲ್ಲಿ ಜನಿಸಿದ ಕನಕದಾಸರ ಕಥೆ, ವರದಾ ನದಿಯ ದಂಡೆಯ ಬೇಸಾಯ, ಊರಿನ ಹಬ್ಬ ಹರಿದಿನಗಳು ಇವೆಲ್ಲವೂ ವಸ್ತುವಾಗಬಲ್ಲವು. ಹಿರಿಯರನ್ನು ಕೇಳಿ ವಿಷಯ ಸಂಗ್ರಹಿಸುವ ಕೆಲಸವೇ ಒಂದು ಪಾಠವಾಗುತ್ತದೆ.

4. ಪಾತ್ರ ಹಂಚಿಕೆ

ಗ್ರಾಮೀಣ ಹವ್ಯಾಸಿ ನಾಟಕಗಳಲ್ಲಿ ಪಾತ್ರಕ್ಕೆ ಇಷ್ಟು ಎಂದು ಹಣ ಕೊಟ್ಟು ಪಾತ್ರ ಪಡೆಯುವ ಹಾಗೂ ಸ್ತ್ರೀ ಪಾತ್ರಗಳಿಗೆ ವೃತ್ತಿ ಕಲಾವಿದೆಯರನ್ನು ಕರೆಸುವ ರೂಢಿ ಇದೆ. ಶಾಲೆಯ ನಾಟಕಕ್ಕೆ ಈ ರೂಢಿ ತಕ್ಕದ್ದಲ್ಲ. ಪಾತ್ರವು ಹಣ, ಜಾತಿ ಅಥವಾ ಮನೆತನದ ಪ್ರಭಾವದಿಂದ ದೊರೆಯುವಂತಾದರೆ, ಅದು ಮಗುವಿಗೆ ಕಲಿಸುವ ಪಾಠವೇ ತಪ್ಪಾಗುತ್ತದೆ.

ಇಚ್ಛೆಯುಳ್ಳ ಪ್ರತಿ ಮಗುವಿಗೂ ಕೆಲಸ ದೊರೆಯುವಂತೆ ನೋಡಿಕೊಳ್ಳಬೇಕು. ಮುಖ್ಯ ಪಾತ್ರಗಳು ನಾಲ್ಕಾರು ಮಾತ್ರ ಇರಬಹುದು. ಆದರೆ ಮೇಳದ ಹಾಡು, ಪರದೆ ಎಳೆಯುವುದು, ಸಾಮಾನುಗಳ ಪಟ್ಟಿ, ಮಾತು ಮರೆತವರಿಗೆ ಮರೆಯಿಂದ ನೆನಪಿಸುವುದು, ಬಣ್ಣ ಹಚ್ಚುವುದು, ಆಮಂತ್ರಣ ಬರೆಯುವುದು ಇವೆಲ್ಲವೂ ನಾಟಕದ ಕೆಲಸಗಳೇ. ವೇದಿಕೆಯ ಮೇಲೆ ಮಾತನಾಡಲು ಅಂಜುವ ಮಗು ಇಂತಹ ಕೆಲಸದಿಂದ ಆರಂಭಿಸಿ ಮರುವರ್ಷ ಪಾತ್ರಕ್ಕೆ ಮುಂದೆ ಬರಬಹುದು. ಅಂಗವೈಕಲ್ಯವುಳ್ಳ ಮಕ್ಕಳನ್ನು ಕೇವಲ ಪ್ರೇಕ್ಷಕರನ್ನಾಗಿ ಕೂರಿಸಬಾರದು.

ತಾಲೀಮಿನಲ್ಲಿ ತಪ್ಪಿದ ಮಗುವನ್ನು ಹೊಡೆಯುವುದು, ಎಲ್ಲರೆದುರು ಹೀಯಾಳಿಸುವುದು ಶಿಕ್ಷಣ ಹಕ್ಕು ಅಧಿನಿಯಮದ 17ನೇ ಕಲಮಿನಲ್ಲಿ ನಿಷೇಧಿಸಲಾದ ದೈಹಿಕ ಶಿಕ್ಷೆ ಹಾಗೂ ಮಾನಸಿಕ ಕಿರುಕುಳವಾಗುತ್ತದೆ. ಹೊರಗಿನಿಂದ ಬರುವ ಪೇಟಿ ಮಾಸ್ತರರು ಹಾಗೂ ನಿರ್ದೇಶಕರಿಗೂ ಇದನ್ನು ಮೊದಲೇ ತಿಳಿಸಬೇಕು. ಹೊರಗಿನವರು ಕಲಿಸುವ ವೇಳೆ ಶಾಲೆಯ ಒಬ್ಬ ಶಿಕ್ಷಕರಾದರೂ ಹಾಜರಿರಬೇಕು.

5. ತಾಲೀಮಿನ ವೇಳಾಪಟ್ಟಿ

ಎಸ್.ಎಸ್.ಎಲ್.ಸಿ. ಪರೀಕ್ಷೆಗಳು ಸಾಮಾನ್ಯವಾಗಿ ಮಾರ್ಚ್ ಮತ್ತು ಏಪ್ರಿಲ್ ತಿಂಗಳಲ್ಲಿ ನಡೆಯುವುದರಿಂದ, ನಾಟಕವನ್ನು ಡಿಸೆಂಬರ್ ಅಥವಾ ಜನವರಿಯಲ್ಲಿ ಇಟ್ಟುಕೊಳ್ಳುವುದು ಅನುಕೂಲ. ಜನವರಿಯ ನಂತರ ಮೆಣಸಿನಕಾಯಿ ಬಿಡಿಸುವ ಹಾಗೂ ಜೋಳದ ಸುಗ್ಗಿಯ ಕೆಲಸ ಹೆಚ್ಚಾಗಿ, ಪಾಲಕರಿಗೆ ಬಿಡುವು ದೊರೆಯುವುದು ಕಷ್ಟ. ಆರು ವಾರಗಳ ಒಂದು ಮಾದರಿ ಕ್ರಮ ಹೀಗಿದೆ:

ಮೊದಲ ವಾರ: ಸಮಿತಿಯ ಸಭೆ, ನಾಟಕದ ಆಯ್ಕೆ, ಒಪ್ಪಿಗೆ ಪತ್ರಗಳ ರವಾನೆ.
ಎರಡನೆಯ ವಾರ: ಎಲ್ಲ ಮಕ್ಕಳಿಂದ ಓದಿಸುವುದು, ಪಾತ್ರ ಹಂಚಿಕೆ.
ಮೂರು ಮತ್ತು ನಾಲ್ಕನೆಯ ವಾರ: ಮಾತು, ಹಾಡು, ರಂಗಚಲನೆಯ ತಾಲೀಮು, ಅರ್ಜಿಗಳ ಸಲ್ಲಿಕೆ.
ಐದನೆಯ ವಾರ: ಸಾಮಾನು, ಉಡುಪುಗಳೊಂದಿಗೆ ತಾಲೀಮು.
ಆರನೆಯ ವಾರ: ವೇದಿಕೆಯ ಮೇಲೆ ಎರಡು ಪೂರ್ಣ ತಾಲೀಮು, ನಂತರ ಪ್ರದರ್ಶನ.

ತಾಲೀಮನ್ನು ಕೊನೆಯ ಅವಧಿಯಲ್ಲಿ ಅಥವಾ ಶನಿವಾರ ತರಗತಿಗಳ ನಂತರ ನಡೆಸುವುದು ಸೂಕ್ತ. ಸುತ್ತಲಿನ ಹಳ್ಳಿಗಳಿಂದ ಬಸ್ಸಿನಲ್ಲಿ ಬರುವ ಮಕ್ಕಳಿದ್ದಲ್ಲಿ ಬಸ್ಸಿನ ವೇಳೆಯನ್ನು ಮೊದಲು ನೋಡಿ, ಆಮೇಲೆ ತಾಲೀಮಿನ ವೇಳೆ ನಿಗದಿಪಡಿಸಬೇಕು. ಇದನ್ನು ಗಮನಿಸದಿದ್ದರೆ ಹೆಣ್ಣುಮಕ್ಕಳೇ ಮೊದಲು ನಾಟಕದಿಂದ ಹಿಂದೆ ಸರಿಯುವಂತಾಗುತ್ತದೆ.

6. ಖರ್ಚು ವೆಚ್ಚ

ಪಾತ್ರಧಾರಿ ಮಕ್ಕಳ ಮನೆಯಿಂದ ಕಡ್ಡಾಯವಾಗಿ ಹಣ ವಸೂಲು ಮಾಡಬಾರದು. ಸ್ವಇಚ್ಛೆಯ ದೇಣಿಗೆಗೆ ರಸೀದಿ ನೀಡಿ, ಜಮಾ ಖರ್ಚಿನ ಪಟ್ಟಿಯನ್ನು ಪ್ರದರ್ಶನದ ನಂತರದ ಸಭೆಯಲ್ಲಿ ಮಂಡಿಸಿ ಸೂಚನಾ ಫಲಕದಲ್ಲಿ ಪ್ರಕಟಿಸುವುದು ಉತ್ತಮ ಪದ್ಧತಿ. ಬಾಡಿಗೆಯ ಉಡುಪು ಮತ್ತು ಪರದೆಗಳೇ ದೊಡ್ಡ ಖರ್ಚು. ಮನೆಯ ಇಳಕಲ್ ಸೀರೆ, ಧೋತರ, ರುಮಾಲು, ಕಂಬಳಿಗಳಿಂದ ಬಹುತೇಕ ಉಡುಪುಗಳನ್ನು ಒದಗಿಸಿಕೊಳ್ಳಬಹುದು. ಹೀಗೆ ತಂದ ವಸ್ತುಗಳಿಗೆ ಹೆಸರಿನ ಚೀಟಿ ಅಂಟಿಸಿ ಪಟ್ಟಿ ಇಟ್ಟರೆ ಹಿಂದಿರುಗಿಸುವಾಗ ತಕರಾರು ಬರುವುದಿಲ್ಲ.

7. ಯಾರಿಗೆ ಯಾವ ಅರ್ಜಿ

ಅ) ಕ್ಷೇತ್ರ ಶಿಕ್ಷಣಾಧಿಕಾರಿಗಳು, ಹಾವೇರಿ: ಸಮ್ಮೇಳನದ ದಿನಾಂಕ ಮತ್ತು ವೇಳೆಯನ್ನು ಮುಖ್ಯೋಪಾಧ್ಯಾಯರು ನಡಾವಳಿಯ ಪ್ರತಿಯೊಡನೆ ಲಿಖಿತವಾಗಿ ತಿಳಿಸುವುದು.

ಆ) ಪೊಲೀಸ್ ಠಾಣೆ: ಶಬ್ದ ಮಾಲಿನ್ಯ (ನಿಯಂತ್ರಣ) ನಿಯಮಗಳು, 2000ರಂತೆ ಧ್ವನಿವರ್ಧಕ ಬಳಕೆಗೆ ಸಕ್ಷಮ ಪ್ರಾಧಿಕಾರದ ಲಿಖಿತ ಅನುಮತಿ ಅಗತ್ಯ. ಬಯಲಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಸುವಂತಿಲ್ಲ. ಆಯ್ದ ಹಬ್ಬ ಹಾಗೂ ಸಾಂಸ್ಕೃತಿಕ ಸಂದರ್ಭಗಳಲ್ಲಿ ಮಧ್ಯರಾತ್ರಿ 12ರವರೆಗೆ ಸಡಿಲಿಸುವ ಅಧಿಕಾರ ರಾಜ್ಯ ಸರ್ಕಾರಕ್ಕಿದ್ದು, ಅದು ವರ್ಷಕ್ಕೆ ಒಟ್ಟು 15 ದಿನಗಳನ್ನು ಮೀರುವಂತಿಲ್ಲ. ಅರ್ಜಿಯಲ್ಲಿ ಸ್ಥಳ, ದಿನಾಂಕ, ಆರಂಭ ಮತ್ತು ಮುಕ್ತಾಯದ ವೇಳೆ, ಅಂದಾಜು ಜನಸಂಖ್ಯೆ ಹಾಗೂ ಹೊಣೆಗಾರರ ಹೆಸರನ್ನು ನಮೂದಿಸಬೇಕು.

ಇ) ಹೆಸ್ಕಾಂ ಕಚೇರಿ: ಹೆಚ್ಚುವರಿ ದೀಪಗಳಿಗೆ ತಾತ್ಕಾಲಿಕ ವಿದ್ಯುತ್ ಸಂಪರ್ಕ ಕೋರುವುದು. ಕಂಬದ ತಂತಿಗೆ ನೇರವಾಗಿ ಕೊಕ್ಕೆ ಹಾಕುವುದು ಅಪರಾಧವೂ ಹೌದು, ಪ್ರಾಣಾಪಾಯವೂ ಹೌದು.

ಈ) ಗ್ರಾಮ ಪಂಚಾಯಿತಿ: ಕುಡಿಯುವ ನೀರು, ಸ್ವಚ್ಛತೆ ಮತ್ತು ಶಾಲೆಯ ಹೊರಗಿನ ಜಾಗದ ಬಳಕೆಗಾಗಿ ಮನವಿ.

ಪ್ರತಿ ಅರ್ಜಿಗೂ ಸ್ವೀಕೃತಿ ಪಡೆದು ಒಂದೇ ಕಡತದಲ್ಲಿ ಇರಿಸಿದರೆ ಮರುವರ್ಷದ ಸಮಿತಿಗೆ ಕೆಲಸ ಹಗುರವಾಗುತ್ತದೆ.

8. ಸುರಕ್ಷತೆ

1995ರ ಡಿಸೆಂಬರ್ 23ರಂದು ಹರಿಯಾಣದ ಡಬವಾಲಿಯಲ್ಲಿ ಶಾಲೆಯೊಂದರ ವಾರ್ಷಿಕ ಸಮಾರಂಭದ ಪೆಂಡಾಲಿಗೆ ಬೆಂಕಿ ತಗುಲಿ 400ಕ್ಕೂ ಹೆಚ್ಚು ಜನರು ಮೃತಪಟ್ಟರು. ಅವರಲ್ಲಿ ಅನೇಕರು ಮಕ್ಕಳು. ಬೇಗ ಹೊತ್ತಿಕೊಳ್ಳುವ ಬಟ್ಟೆಯ ಪೆಂಡಾಲು ಹಾಗೂ ಹೊರಹೋಗಲು ಸಾಕಷ್ಟು ದಾರಿ ಇಲ್ಲದಿದ್ದುದು ಈ ದುರಂತವನ್ನು ಘೋರವಾಗಿಸಿತು. ಸಂಭ್ರಮದ ದಿನದಲ್ಲಿ ಮರೆಯಬಾರದ ಪಾಠವಿದು.

• ಸಾಧ್ಯವಾದಷ್ಟೂ ಮೇಲ್ಭಾಗ ತೆರೆದಿರುವ ಬಯಲಿನಲ್ಲಿ ನಾಟಕ ನಡೆಸಿ; ಪೆಂಡಾಲು ಅನಿವಾರ್ಯವಾದರೆ ಕನಿಷ್ಠ ಎರಡು ಕಡೆ ಅಗಲವಾದ ದಾರಿ ಬಿಡಿ.
• ವಿದ್ಯುತ್ ತಂತಿ ಬಟ್ಟೆಗೆ ತಾಗದಂತೆ ಪರಿಣತರಿಂದ ಅಳವಡಿಸಿ.
• ಮರಳು ಮತ್ತು ನೀರು ತುಂಬಿದ ಬಕೆಟ್‌ಗಳನ್ನು ವೇದಿಕೆಯ ಎರಡೂ ಬದಿಗೆ ಇರಿಸಿ. ವಿದ್ಯುತ್ತಿನಿಂದ ಹತ್ತಿದ ಬೆಂಕಿಗೆ ನೀರು ಹಾಕಬಾರದು.
• ವೇದಿಕೆಯಲ್ಲಿ ಪಟಾಕಿ, ಪಂಜು ಬಳಸಬೇಡಿ.
• ಬಣ್ಣ ಹಚ್ಚುವ ಹಾಗೂ ಉಡುಪು ಬದಲಿಸುವ ಕೋಣೆ ಹುಡುಗಿಯರಿಗೆ ಪ್ರತ್ಯೇಕವಾಗಿರಲಿ, ಶಿಕ್ಷಕಿಯರು ಕಾವಲಿರಲಿ.
• ನಾಟಕ ಮುಗಿದ ಮೇಲೆ ಪ್ರತಿ ಮಗುವನ್ನೂ ಹೆಸರು ಗುರುತಿಸಿ ಪಾಲಕರಿಗೆ ಒಪ್ಪಿಸಿ.

9. ಪಾಲಕರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಪ್ರಶ್ನೆ: ಅತಿಥಿಗಳ ಭಾಷಣ ಮುಗಿಯುವಷ್ಟರಲ್ಲಿ ತಡವಾಗಿ, ಮಕ್ಕಳ ನಾಟಕ ಅರ್ಧಕ್ಕೆ ನಿಲ್ಲುತ್ತದೆ. ಪರಿಹಾರವೇನು?
ಉತ್ತರ: ಮುಕ್ತಾಯದ ವೇಳೆಯನ್ನು ಮೊದಲು ನಿಗದಿಪಡಿಸಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕತಕ್ಕದ್ದು. ಒಂದು ಗಂಟೆಯ ನಾಟಕವು ರಾತ್ರಿ 9ಕ್ಕೆ ಮುಗಿಯಬೇಕಾದರೆ 8ಕ್ಕೆ ಆರಂಭವಾಗಬೇಕು. ನಾಟಕವನ್ನು ಮೊದಲು ನಡೆಸಿ, ಬಹುಮಾನ ವಿತರಣೆಯನ್ನು ಹಗಲಿನಲ್ಲಿಯೇ ಮುಗಿಸಲೂಬಹುದು.

ಪ್ರಶ್ನೆ: ಮಗುವಿಗೆ ನಾಟಕದಲ್ಲಿ ಇಷ್ಟವಿಲ್ಲ. ಒತ್ತಾಯವಿದೆಯೇ?
ಉತ್ತರ: ಇಲ್ಲ. ಭಾಗವಹಿಸುವಿಕೆ ಸ್ವಇಚ್ಛೆಯದು.

ಪ್ರಶ್ನೆ: ಪಾತ್ರ ಹಂಚಿಕೆ ಅಥವಾ ಹಣ ಸಂಗ್ರಹದ ಬಗ್ಗೆ ದೂರು ಇದ್ದರೆ?
ಉತ್ತರ: ಮೊದಲು ಮುಖ್ಯೋಪಾಧ್ಯಾಯರಿಗೆ ಹಾಗೂ ಶಾಲಾ ಸಮಿತಿಯ ಅಧ್ಯಕ್ಷರಿಗೆ ಲಿಖಿತವಾಗಿ ತಿಳಿಸಿ. ಪರಿಹಾರ ದೊರೆಯದಿದ್ದಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಮನವಿ ಸಲ್ಲಿಸಬಹುದು.

ಅನುಮತಿ ಪತ್ರಗಳ ತೊಡಕಿಗೆ ಅಂಜಿ ನಾಟಕವನ್ನೇ ಕೈಬಿಡುವುದು ಸರಿಯಲ್ಲ. ಮೇಲೆ ವಿವರಿಸಿದ ಅರ್ಜಿಗಳು ನಾಲ್ಕು. ಅವುಗಳಿಗೆ ಬೇಕಾದುದು ಸಕಾಲದಲ್ಲಿ ನಡೆದ ಒಂದು ಸಭೆ ಮತ್ತು ಅದರ ನಡಾವಳಿ. ಆದುದರಿಂದ ಪಾಲಕರು ಶಾಲೆಯು ಕರೆಯುವ ಮೊದಲ ಸಭೆಗೆ ತಪ್ಪದೆ ಹಾಜರಾಗಿ, ಮಕ್ಕಳ ನಾಟಕವು ಮಕ್ಕಳದೇ ಆಗಿ ಉಳಿಯುವಂತೆ ಸಹಕರಿಸಬೇಕೆಂದು ಕೋರಲಾಗಿದೆ.